ಮಗುವಿಗೆ ಫೈಲ್ ಇದೆ, ತಾಯಿಗೆ ಇಲ್ಲ

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಹೆರಿಗೆ ಕೋಣೆಯಲ್ಲಿ ನನಗೆ ಕೆಲಸವಿಲ್ಲ. ಅಲ್ಲಿ ಕಷ್ಟಪಟ್ಟು ಹುಟ್ಟಿದ ಮಕ್ಕಳು ಕೆಲವು ವಾರ, ಕೆಲವು ತಿಂಗಳು ಕಳೆದ ಮೇಲೆ ನನ್ನ ಹತ್ತಿರ ಬರುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಸೀನಿಯರ್ ಮೇಡಂ ಒಂದು ಅಭ್ಯಾಸ ಕಲಿಸಿದರು. ಮಗುವಿನ ವ್ಯಾಯಾಮ ಮುಗಿದ ಮೇಲೆ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಪರದೆ ಎಳೆದು, ತಾಯಿಯನ್ನು ಕೇಳು: "ನಿನಗೆ ಹೇಗಿದೆಯಮ್ಮಾ?" ನನ್ನ ಕೆಲಸದಲ್ಲಿ ಇಷ್ಟು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

ಹೆಗಲು ಸಿಕ್ಕಿಕೊಂಡ ಹೆರಿಗೆಯನ್ನೇ ನೋಡಿ. ಮಗುವಿನ ತಲೆ ಹೊರಗೆ ಬಂದಿರುತ್ತದೆ, ಹೆಗಲು ತಾಯಿಯ ಮೂಳೆಗೆ ತಡೆದು ನಿಂತುಬಿಡುತ್ತದೆ. ಉಳಿದಿರುವುದು ಕೆಲವೇ ನಿಮಿಷ. ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಮಗು ದಪ್ಪಗಿದ್ದರೆ ಇದರ ಭಯ ಜಾಸ್ತಿ. ಆದರೆ ಸಾಧಾರಣ ತೂಕದ ಮಗುವಿಗೂ ಆಗುತ್ತದೆ, ಒಳ್ಳೆಯ ಡಾಕ್ಟರ್ ಕೈಯಲ್ಲೂ ಆಗುತ್ತದೆ. ಅಂಥ ಹೊತ್ತಿನಲ್ಲಿ ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಚಿ, ಕಿಬ್ಬೊಟ್ಟೆಯ ಕೆಳಗೆ, ಮೂಳೆಯ ಮೇಲುಭಾಗದಲ್ಲಿ ಒತ್ತುತ್ತಾರೆ. ಹೊಟ್ಟೆಯ ಮೇಲ್ಗಡೆಯಿಂದ ಜೋರಾಗಿ ಅದುಮಿದರೆ ಹೆಗಲು ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ.

ಮಗು ಬದುಕುತ್ತದೆ, ಆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಎಳೆದುಕೊಂಡಿರಬಹುದು. ಇದಕ್ಕೆ ಅರ್ಬ್ಸ್ ಪಾಲ್ಸಿ ಅನ್ನುತ್ತಾರೆ. ತೋಳು ಜೋತುಬಿದ್ದಿರುತ್ತದೆ, ಮೊಣಕೈ ಮಡಚುವುದಿಲ್ಲ, ಅಂಗೈ ಹಿಂದಕ್ಕೆ ತಿರುಗಿರುತ್ತದೆ. ಬೆರಳು ಮಾತ್ರ ಆಡುತ್ತಿರುತ್ತದೆ.

ಬಹಳಷ್ಟು ಮಕ್ಕಳಲ್ಲಿ ಇದು ತಾನಾಗಿ ವಾಸಿಯಾಗುತ್ತದೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಈ ಒಂದು ಮಾತು ಹೇಳಿದರೆ ಮನೆಯವರಿಗೆ ತಾಳ್ಮೆ ಬರುತ್ತದೆ. ಆದರೆ 3 ತಿಂಗಳಾದರೂ ಮೊಣಕೈ ಮಡಚಲು ಶುರು ಮಾಡದಿದ್ದರೆ ಸುಮ್ನೆ ಕಾಯಬಾರದು, ನರಗಳ ಆಪರೇಷನ್ ಮಾಡುವ ಸರ್ಜನ್‌ಗೆ ತೋರಿಸಲೇಬೇಕು. ಅಷ್ಟರ ತನಕ ಆ ಕೈ ಹಿಡಿದು ಮಗುವನ್ನು ಎತ್ತಬಾರದು, ಕಂಕುಳಿಗೆ ಕೈ ಕೊಟ್ಟೂ ಎತ್ತಬಾರದು. ಅಂಗಿ ಹಾಕುವಾಗ ಆ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಎಣ್ಣೆ ನೀರು ಹಾಕುವಾಗ ಕೈಕಾಲು ಎಳೆದು ನೀವುವ ರೂಢಿ ನಮ್ಮಲ್ಲಿದೆ ಅಲ್ವಾ? ಅದಕ್ಕೇ ಅಜ್ಜಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳುತ್ತೇನೆ: "ಅಜ್ಜಿ, ಎಣ್ಣೆ ಹಚ್ಚಿ, ಎಳೀಬೇಡಿ."

ಇಷ್ಟೆಲ್ಲ ಮಗುವಿನ ಫೈಲ್‌ನಲ್ಲಿರುತ್ತದೆ. ಅದೇ ಹೆರಿಗೆಯಲ್ಲಿ ತಾಯಿಯ ದೇಹಕ್ಕೆ ಏನಾಯಿತು? ಪರದೆ ಎಳೆದ ಮೇಲೆ ಅದು ಹೊರಗೆ ಬರುತ್ತದೆ. "ಕೆಮ್ಮಿದ್ರೆ ಸೀರೆ ಒದ್ದೆ ಆಗುತ್ತೆ ಮೇಡಂ." "ಗ್ಯಾಸ್ ತಡೆಯೋಕೆ ಆಗಲ್ಲ, ಅದಕ್ಕೇ ಮದುವೆಗೆ ಹೋಗೋದೇ ಬಿಟ್ಟಿದೀನಿ." ಕೆಲವರಿಗೆ ಹೆರಿಗೆಯಲ್ಲಿ ಮಲದ್ವಾರದ ಸ್ನಾಯುವಿನವರೆಗೆ ಹರಿದಿರುತ್ತದೆ. ಹೊಲಿಗೆ ಹಾಕಿದ್ದು ಗೊತ್ತು, ಎಲ್ಲಿಯವರೆಗೆ ಅಂತ ಯಾರೂ ಹೇಳಿರುವುದಿಲ್ಲ. ಇದರ ಮೇಲೆ ಬಾಣಂತಿ ನೀರು ಜಾಸ್ತಿ ಕುಡಿಯಬಾರದು, ಸೊಪ್ಪು ತರಕಾರಿ ತಿನ್ನಬಾರದು ಅನ್ನುವ ಪಥ್ಯ ಬೇರೆ. ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಹೊಲಿಗೆ ಹಾಕಿದ ಜಾಗ ನೋಯುತ್ತದೆ. ಈ ಪಥ್ಯ ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಹಾಲೂಡಿಸುವವಳಿಗೆ ನೀರು ಬೇಕು.

ಗ್ಯಾಸ್ ತಡೆಹಿಡಿಯುವ ಹಾಗೆ ಒಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಅಲ್ಲೇ ಹೇಳಿಕೊಡುತ್ತೇನೆ. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕಡಿಮೆ ಅಂದರೂ 3 ತಿಂಗಳು. ಹೆಚ್ಚಿನವರಿಗೆ ಹಗುರ ಕಾಣುತ್ತದೆ. ಮಲ ಸೋರುತ್ತಿದ್ದರೆ, ಇಲ್ಲವೇ ಹಗಲೂ ರಾತ್ರಿ ಎಡೆಬಿಡದೆ ಮೂತ್ರ ಸೋರುತ್ತಿದ್ದರೆ ವ್ಯಾಯಾಮ ಸಾಲದು, ಸ್ತ್ರೀರೋಗ ತಜ್ಞರ ಹತ್ತಿರ ಕಳಿಸುತ್ತೇನೆ. ತುಂಬಾ ಹೊತ್ತು ನೋವು ತಿಂದು ಮಗು ಸಿಕ್ಕಿಕೊಂಡಿದ್ದ ಹೆರಿಗೆಯಲ್ಲಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಅದಕ್ಕೆ ಆಪರೇಷನ್ ಇದೆ.

ಇನ್ನೊಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ? ಹೌದು ಅಂದರೆ, ಎದೆಹಾಲು ಬಂದಿತ್ತಾ, ಮುಟ್ಟು ಮತ್ತೆ ಶುರುವಾಗಿದೆಯಾ? ರಕ್ತ ವಿಪರೀತ ಹೋದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬೀಳಬಹುದು. ಶೀಹನ್ ಸಿಂಡ್ರೋಮ್ ಅನ್ನುವ ಈ ತೊಂದರೆಯಲ್ಲಿ ಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಯಾವಾಗಲೂ ಸುಸ್ತು, ಚಳಿ. ಮನೆಯವರು ಸೋಮಾರಿ ಅನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ, ಮಾತ್ರೆಯಿಂದ ಜೀವನ ಸರಿಹೋಗುತ್ತದೆ. ಗೊತ್ತಾಗದೆ ಉಳಿದರೆ ಸಾಧಾರಣ ಜ್ವರವೂ ಜೀವಕ್ಕೆ ಅಪಾಯ ತರಬಹುದು.

ಹುಟ್ಟಿದ ಕೂಡಲೇ ಅಳದ ಮಕ್ಕಳ ವಿಷಯ ಬೇರೆ, ಅವರ ಮೆದುಳಿಗೇ ಪೆಟ್ಟು ಬಿದ್ದಿರಬಹುದು. 4 ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಬಿಗಿಯಾಗೇ ಇದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ಕರೆದುಕೊಂಡು ಬನ್ನಿ. "ಅವರಪ್ಪನೂ ತಡವಾಗಿ ನಡೆದಿದ್ದ" ಅಂತ ಕಾಯುವುದರಲ್ಲಿ ಮೆದುಳು ಬೇಗ ಕಲಿಯುವ ತಿಂಗಳುಗಳೇ ಹೋಗಿಬಿಡುತ್ತವೆ.

ಬರುವಾಗ ತಾಯಿ ಕಾರ್ಡ್, ಡಿಸ್ಚಾರ್ಜ್ ಶೀಟ್ ಎರಡನ್ನೂ ತನ್ನಿ. ಹೆಗಲು ಸಿಕ್ಕಿತ್ತು, ಇಷ್ಟು ಆಳ ಹರಿದಿತ್ತು, ಇಷ್ಟು ರಕ್ತ ಹೋಗಿತ್ತು ಅನ್ನುವುದು ಅದರಲ್ಲಿ ಇಲ್ಲದಿದ್ದರೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ಸಹಜ ಹೆರಿಗೆಯೋ ಸಿಸೇರಿಯನ್ನೋ ಅಂತ ತೀರ್ಮಾನಿಸುವ ಡಾಕ್ಟರ್ ಮೊದಲು ಕೇಳುವುದೇ ಅದನ್ನು.