ಹಳೆ ಮನೆಯ ಪುಟ್ಟ ಬಚ್ಚಲಿಗೆ ಶವರ್ ಹಾಕಿಸುವ ಮುನ್ನ

ಶವರ್ ಹಾಕಿಸಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ಗೋಡೆಯ ಮೇಲಕ್ಕೆ ಹೋಗುತ್ತದೆ. ಯಾವ ಮಾದರಿ, ಎಷ್ಟು ದೊಡ್ಡದು, ಬಿಸಿನೀರು-ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್, ಯಾವುದು ಎಂಬ ಲೆಕ್ಕ ಶುರುವಾಗುತ್ತದೆ. ಹಳೆ ಮನೆಯ ನಾಲ್ಕಡಿ-ಆರಡಿ ಬಚ್ಚಲಿನಲ್ಲಿ ಮೊದಲು ನೋಡಬೇಕಾದದ್ದು ನೆಲ. ಸಾಧಾರಣ ಶವರ್ ನಿಮಿಷಕ್ಕೆ 8ರಿಂದ 10 ಲೀಟರ್ ನೀರು ಸುರಿಸುತ್ತದೆ, ಅದೂ ಗೋಡೆಗೆಲ್ಲ ಎರಚುತ್ತಾ. ಅಷ್ಟು ನೀರು ಹೊರಹೋಗಲು ದಾರಿ ಇದೆಯೇ ಎಂದು ತಿಳಿಯದೆ ಒಂದು ನಲ್ಲಿಯನ್ನೂ ಕೊಳ್ಳಬೇಡಿ.

ಪರೀಕ್ಷೆ ಸುಲಭ. ಹತ್ತು ಲೀಟರಿನ ಬಕೆಟ್ ತುಂಬಿ, ಟ್ರ್ಯಾಪಿನಿಂದ (ನೆಲದ ನೀರು ಕೊಳವೆಗೆ ಇಳಿಯುವ, ಜಾಲರಿ ಮುಚ್ಚಿದ ಗುಂಡಿ) ಅತಿ ದೂರದ ಮೂಲೆಯಲ್ಲಿ ನಿಧಾನವಾಗಿ, ಸುಮಾರು ಒಂದು ನಿಮಿಷ ಹಿಡಿಯುವಂತೆ ಸುರಿಯಿರಿ. ನೀರು ಟ್ರ್ಯಾಪಿನ ಸುತ್ತ ಕೆರೆ ಕಟ್ಟಿದರೆ ಕೊಳವೆ ಕಟ್ಟಿಕೊಂಡಿದೆ ಅಥವಾ ಸಣ್ಣದಾಗಿದೆ. ಮಧ್ಯದಲ್ಲೆಲ್ಲೋ ನಿಂತರೆ ವಾಟ, ಅಂದರೆ ನೆಲದ ಇಳಿಜಾರು, ಹೋಗಿದೆ. ಶವರ್ ನೀರು ಹೋಗುವ ಕೊಳವೆ ಕನಿಷ್ಠ 50 ಮಿ.ಮೀ. ಇರಬೇಕು, 75 ಇದ್ದರೆ ನಿಶ್ಚಿಂತೆ. ಟ್ರ್ಯಾಪಿನ ಒಳಗೆ ಸದಾ 50 ಮಿ.ಮೀ. ಆಳ ನೀರು ನಿಲ್ಲಬೇಕು, ಚರಂಡಿಯ ವಾಸನೆಯನ್ನು ತಡೆಯುವುದು ಆ ನೀರೇ. ಹಳೆ ಟ್ರ್ಯಾಪುಗಳಲ್ಲಿ ಎಷ್ಟೋ ಸಲ ಒಳಗಿನ ಬಟ್ಟಲನ್ನು ಯಾರೋ ಕಿತ್ತು ಎಸೆದಿರುತ್ತಾರೆ. ಜಾಲರಿ ಎತ್ತಿ ಕೈ ಹಾಕಿ ನೋಡಿ.

ಶವರಿನ ಜಾಗ ನಿರ್ಧರಿಸುವುದೂ ಟ್ರ್ಯಾಪೇ. ಅದಕ್ಕೆ ಹತ್ತಿರದ ಗೋಡೆಯಲ್ಲೇ ಶವರ್ ಬರಲಿ. ಇಷ್ಟದ ಗೋಡೆಗಾಗಿ ಟ್ರ್ಯಾಪನ್ನೇ ಸರಿಸಲು ಹೊರಟರೆ ಮಹಡಿಯ ಮನೆಯಲ್ಲಿ ಸ್ಲ್ಯಾಬ್ ಕೊರೆಯಬೇಕಾಗುತ್ತದೆ, ಕಂಬಿ ಕತ್ತರಿಸುವ ಅಪಾಯ ಬರುತ್ತದೆ. ಅದು ಬೇಡವೇ ಬೇಡ. ನಿಂತು ಸ್ನಾನ ಮಾಡಲು ಮೂರಡಿ ಚೌಕ ಸಿಕ್ಕರೆ ಆರಾಮ, ಎರಡೂವರೆ ಅಡಿಗಿಂತ ಕಡಿಮೆಯಾದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಕಮೋಡ್ ಇದ್ದರೆ ಅದರ ನಡುಗೆರೆಯಿಂದ ಪಕ್ಕದ ಗೋಡೆಗೆ 15 ಇಂಚು ಬಿಡಿ. ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಹೊರಕ್ಕೆ ತಿರುಗಿಸಿ, ಹೊಸ ಗೋಡೆ ಕಟ್ಟದೆಯೇ ಜಾಗ ಸಿಗುತ್ತದೆ.

ಈಗ ವಾಟದ ಲೆಕ್ಕ. ಮೀಟರಿಗೆ 15 ಮಿ.ಮೀ. ಇಳಿಜಾರು ಇಟ್ಟುಕೊಳ್ಳಿ. ನಾಲ್ಕಡಿ-ಆರಡಿ ನೆಲದ ಒಂದು ಮೂಲೆಯಲ್ಲಿ ಟ್ರ್ಯಾಪ್ ಇದ್ದರೆ ಎದುರು ಮೂಲೆಗೆ 2.2 ಮೀಟರ್ ದೂರ. ಅಂದರೆ ಆ ಮೂಲೆ ಟ್ರ್ಯಾಪಿಗಿಂತ 33 ಮಿ.ಮೀ. ಎತ್ತರ ಇರಬೇಕು. ಹಳೆ ಟೈಲ್ಸ್ ಮೇಲೆಯೇ ಹೊಸದು ಹಾಕಿದರೆ ಅಂಟು ಮತ್ತು ಟೈಲ್ಸ್ ಸೇರಿ ಇನ್ನೂ 14-15 ಮಿ.ಮೀ. ಏರುತ್ತದೆ. ಎತ್ತರದ ಆ ಮೂಲೆಯಲ್ಲೇ ಬಾಗಿಲಿದ್ದರೆ ನೆಲ ಹೊಸ್ತಿಲನ್ನು ಮುಟ್ಟಿಬಿಡುತ್ತದೆ, ನೀರು ಕೋಣೆಗೆ ನುಗ್ಗುತ್ತದೆ. ಇಂಥ ಕಡೆ ಹಳೆ ನೆಲ ಒಡೆಯುವುದೊಂದೇ ದಾರಿ. ಗಾರೆಯವರು ಕೆಲಸ ಶುರು ಮಾಡುವ ಮೊದಲೇ ರಸಮಟ್ಟ ಹಿಡಿದು, ನಾಲ್ಕೂ ಗೋಡೆಯ ಮೇಲೆ ಮುಗಿದ ನೆಲದ ಗೆರೆ ಎಳೆಸಿ. ಜಾಲರಿ ಸುತ್ತಲಿನ ಟೈಲ್ಸ್‌ಗಿಂತ 2 ಮಿ.ಮೀ. ಕೆಳಗೆ ಕೂರಬೇಕು. ನೆಲಕ್ಕೆ ಒಂದಡಿಗಿಂತ ದೊಡ್ಡ ಟೈಲ್ಸ್ ಬೇಡ. ನಾಲ್ಕು ಕಡೆಯಿಂದ ಇಳಿಯುವ ವಾಟಕ್ಕೆ ದೊಡ್ಡ ಹಲಗೆ ಒಗ್ಗುವುದಿಲ್ಲ, ಅಂಚು ಎದ್ದು ಕಾಲಿಗೆ ತಾಗುತ್ತದೆ.

ಇನ್ನು ನೀರಿನ ಒತ್ತಡ. ಟ್ಯಾಂಕಿನ ತಳದಿಂದ ಶವರಿನವರೆಗಿನ ಪ್ರತಿ ಮೀಟರ್ ಎತ್ತರಕ್ಕೆ 0.1 ಬಾರ್ (ಒತ್ತಡದ ಅಳತೆ) ಸಿಗುತ್ತದೆ. ಮೇಲಿನ ಮಹಡಿಯಲ್ಲಿ ಟ್ಯಾಂಕು ಎರಡೇ ಮೀಟರ್ ಮೇಲಿದ್ದರೆ 0.2 ಬಾರ್, ಅಷ್ಟೇ. ಅದರಲ್ಲಿ ಅಗಲವಾದ ಮಳೆ ಶವರ್ ತೊಟ್ಟಿಕ್ಕುತ್ತದೆ. ನಾಲ್ಕಿಂಚಿನ ಸಣ್ಣ ಶವರ್ ಹಾಕಿ, ಟ್ಯಾಂಕಿನಿಂದ ಬಚ್ಚಲವರೆಗೆ ಮುಕ್ಕಾಲು ಇಂಚಿನ ಪೈಪ್ ತನ್ನಿ, ಗೋಡೆಯೊಳಗೆ ಮಾತ್ರ ಅರ್ಧ ಇಂಚು ಸಾಕು. ಪಂಪ್ ಹಾಕುವುದಾದರೆ ಬಿಸಿ ಮತ್ತು ತಣ್ಣೀರು ಎರಡಕ್ಕೂ ಸೇರಿಯೇ ಹಾಕಿ. ಒಂದಕ್ಕೇ ಹಾಕಿದರೆ ಒತ್ತಡ ಜಾಸ್ತಿ ಇರುವ ಕಡೆಯ ನೀರು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ, ಬಿಸಿಯ ಹದ ಸಿಗುವುದೇ ಇಲ್ಲ.

ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹೊಸ ಪೈಪ್ ಜೋಡಿಸಿ ಉಳಿತಾಯ ಮಾಡುವ ಆಸೆ ಬಿಡಿ. ಒಳಗೆ ತುಕ್ಕು ಕಟ್ಟಿ ಅರ್ಧ ಇಂಚಿನ ದಾರಿ ಬಳಪದಷ್ಟು ಸಣ್ಣಗಾಗಿರುತ್ತದೆ, ಕಿತ್ತು ಬಂದ ತುಕ್ಕಿನ ಚೂರು ಶವರಿನ ತೂತುಗಳಲ್ಲಿ ಕೂರುತ್ತದೆ. ಬಿಸಿನೀರಿಗೆ ಶಾಖ ತಾಳುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಬೇಕು, ತಣ್ಣೀರಿನ ಯುಪಿವಿಸಿ ಪೈಪ್ ಶಾಖಕ್ಕೆ ಮೆತ್ತಗಾಗುತ್ತದೆ. ಪೈಪ್ ನೇರಕ್ಕೆ ಕತ್ತರಿಸಿ, ಅಂಚಿನ ಸಿಬಿರು ಕೆರೆದು, ಸಿಪಿವಿಸಿಗೆಂದೇ ಬರುವ ಸಾಲ್ವೆಂಟ್ ಅಂಟನ್ನು ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಪೂರ್ತಿ ಒಳಗೆ ತಳ್ಳಿ ಅರ್ಧ ನಿಮಿಷ ಹಿಡಿಯಬೇಕು. ಕೈ ಬೇಗ ಬಿಟ್ಟರೆ ಪೈಪ್ ತಾನಾಗಿ ಹಿಂದೆ ಜಾರುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ನಲ್ಲಿ ಕೂರುವ ಕಡೆಗೆ ಒಳಗೆ ಹಿತ್ತಾಳೆ ಮರೆ (ತಿರುಪಿನ ಸುತ್ತು) ಇರುವ ಎಲ್ಬೋ, ಅಂದರೆ ಬಾಗಿದ ಜೋಡಣೆ, ಬೇಕು. ಬರೀ ಪ್ಲಾಸ್ಟಿಕ್ ಮರೆಗೆ ಲೋಹದ ನಲ್ಲಿ ಬಿಗಿದರೆ ಸೀಳುತ್ತದೆ.

ಮಿಕ್ಸರ್ ಮುಗಿದ ನೆಲದಿಂದ ಮೂರೂವರೆ ಅಡಿ, ಶವರ್ ತೋಳು ಏಳಡಿ ಎತ್ತರಕ್ಕೆ ಬರಲಿ. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ, ನಡುವೆ 150 ಮಿ.ಮೀ. ಗೋಡೆ ಕೊರೆಯಲು ಕಟರ್ ಬಳಸಿ. ಹಳೆ ಸುಣ್ಣದ ಗಾರೆಯ ಗೋಡೆಗೆ ಸುತ್ತಿಗೆ-ಉಳಿಯ ಏಟು ಬಿದ್ದರೆ ಇಟ್ಟಿಗೆಗಳೇ ಸಡಿಲವಾಗುತ್ತವೆ. ಲಂಬ ಕೊರೆತ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡ ಕೊರೆತ ಆರನೇ ಒಂದು ಭಾಗ. ತುದಿಗಳಿಗೆ ಎಂಡ್ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಪಂಪಿನಲ್ಲಿ ಒತ್ತಡ ತೋರಿಸುವ ಮುಳ್ಳು ಇಳಿದಿದ್ದರೆ ಗೋಡೆ ಮುಚ್ಚಬೇಡಿ.

ವಾಟರ್‌ಪ್ರೂಫಿಂಗ್ ಸೋಲುವುದು ಹೆಚ್ಚಾಗಿ ಎರಡೇ ಕಡೆ: ನೆಲ-ಗೋಡೆ ಸೇರುವ ಮೂಲೆ, ಟ್ರ್ಯಾಪಿನ ಕತ್ತು. ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ ಬಲೆಯಂಥ ಜಾಲಿ ಪಟ್ಟಿ ಅಂಟಿಸಿ. ಕತ್ತಿನ ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ. ಲೇಪನದ ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡಡ್ಡ ಬರಲಿ. ಶವರ್ ಗೋಡೆಗೆ ಏಳಡಿ, ಉಳಿದವಕ್ಕೆ ಒಂದಡಿ ಹಚ್ಚಿ. ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ. ಪಕ್ಕದಲ್ಲೇ ಒಂದು ತಟ್ಟೆಯಲ್ಲೂ ನೀರಿಟ್ಟು ಗುರುತು ಮಾಡಿ. 24 ಗಂಟೆಯ ನಂತರ ತಟ್ಟೆಯಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆವಿಯಾದ ನೀರು. ನೆಲದಲ್ಲಿ ಹೆಚ್ಚು ಇಳಿದಿದ್ದರೆ ಸೋರುತ್ತಿದೆ, ಟೈಲ್ಸ್ ಕೆಲಸ ನಿಲ್ಲಿಸಿ.

ಗೀಸರ್ ವಿಷಯ ಲೆಕ್ಕದಲ್ಲೇ ಮುಗಿಯುತ್ತದೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ 8 ಲೀಟರ್ ಹರಿಯುವ ನೀರನ್ನು ಐದಾರು ಡಿಗ್ರಿ ಮಾತ್ರ ಬಿಸಿ ಮಾಡಬಲ್ಲದು. 25 ಲೀಟರಿನ ಸ್ಟೋರೇಜ್ ಗೀಸರಿನಲ್ಲಿ 60 ಡಿಗ್ರಿ ನೀರಿದ್ದು ತಣ್ಣೀರು 25 ಡಿಗ್ರಿ ಇದ್ದರೆ, 40 ಡಿಗ್ರಿಯ ಸ್ನಾನ ಸುಮಾರು ಏಳು ನಿಮಿಷ ಸಿಗುತ್ತದೆ. ಹಳೆ ಮನೆಯಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಅಳೆದು ಹೇಳಬೇಕು, ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ನಂಬಬೇಡಿ. ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇಲ್ಲದೆ ಗೀಸರ್ ಹಾಕಬಾರದು. ಸ್ವಿಚ್ ಬಾಗಿಲಿನ ಹೊರಗಿರಲಿ.

ಗಾಜಿನ ಅಡ್ಡಗೋಡೆ ಇಷ್ಟು ಸಣ್ಣ ಜಾಗಕ್ಕೆ ಬೇಡ, ಪರದೆ ಸಾಕು. ಮೂಲೆಯ ಸಂದುಗಳಿಗೆ ಗ್ರೌಟ್ ಬದಲು ಸಿಲಿಕೋನ್ ಹಾಕಿಸಿ, ಅಲ್ಲಿ ಗ್ರೌಟ್ ಬಿರಿಯುತ್ತದೆ. ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಜೊತೆಗೆ ಬಾಗಿಲಿನ ಕೆಳಗೆ ಒಂದು ಸೆಂ.ಮೀ. ಸಂದೂ ಬೇಕು. ಒಳಗೆ ಗಾಳಿ ಬರದಿದ್ದರೆ ಫ್ಯಾನ್ ತಿರುಗಿದರೂ ಹಬೆ ಹೊರಹೋಗದು, ಚಾವಣಿಯ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ.