ಶೇಂಗಾ ಕೂರಿಗೆಯಲ್ಲಿ ಮೆಕ್ಕೆಜೋಳ ಬಿತ್ತುವ ಮುಂಚೆ

ಚಳ್ಳಕೆರೆಯಲ್ಲಿ ನನ್ನದು ಲೇತ್ ಮತ್ತು ವೆಲ್ಡಿಂಗ್ ಕೆಲಸ. ಮೇ ತಿಂಗಳು ಬಂತೆಂದರೆ ಅಂಗಡಿ ಮುಂದೆ ಟ್ರ್ಯಾಕ್ಟರ್ ಕೂರಿಗೆಗಳು ಬಂದು ನಿಲ್ಲುತ್ತವೆ. ಈ ಭಾಗದಲ್ಲಿ ಅವುಗಳಲ್ಲಿ ಹೆಚ್ಚಿನವು ಶೇಂಗಾ ಬಿತ್ತಲೆಂದೇ ಕೊಂಡವು. ನಮ್ಮೂರಿನ ಎಣ್ಣೆ ಮಿಲ್ಲುಗಳು ನಿಂತಿದ್ದೇ ಶೇಂಗಾದ ಮೇಲೆ. ಆದರೆ ಮಳೆ ಕೈಕೊಟ್ಟು ಬೆಳೆ ಮತ್ತೆ ಮತ್ತೆ ಸೋತ ಮೇಲೆ ಜಗಳೂರು, ಚಿತ್ರದುರ್ಗದ ಕಡೆ ಎಷ್ಟೋ ರೈತರು ಮೆಕ್ಕೆಜೋಳಕ್ಕೆ ತಿರುಗಿದ್ದಾರೆ. ಮಾರಲು ದಾವಣಗೆರೆ ಹತ್ತಿರವೇ ಇದೆ. ಹೊಸ ಕೂರಿಗೆ ಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರ ಇರಲ್ಲ. ಹಾಗಾಗಿ ಬಂದವರು ಕೇಳುವುದು ಒಂದೇ ಮಾತು: "ಜೋಳದ ಪ್ಲೇಟ್ ಒಂದು ಹಾಕ್ಕೊಡಣ್ಣ, ಸಾಕು."

ಬಾಕ್ಸಿನಿಂದ ಬೀಜವನ್ನು ಒಂದೊಂದಾಗಿ ಎತ್ತಿ ಬಿಡುವ ತೂತಿನ ಬಿಲ್ಲೆಯೇ ಈ ಪ್ಲೇಟ್. ಅದನ್ನು ಹಾಕಿಕೊಡುವುದು ದೊಡ್ಡ ಕೆಲಸವಲ್ಲ. ಅಷ್ಟೇ ಮಾಡಿ ಕಳಿಸಿದರೆ ಮಾತ್ರ ರೈತನಿಗೆ ಅನ್ಯಾಯ ಮಾಡಿದಂತೆ. ಯಾಕೆಂದರೆ ಈ ಎರಡು ಬೆಳೆಗಳು ಕೂರಿಗೆಯ ತಪ್ಪನ್ನು ತಡೆದುಕೊಳ್ಳುವ ರೀತಿ ಬೇರೆ ಬೇರೆ. ಶೇಂಗಾ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬೀಜ ತಪ್ಪಿದರೆ ಪಕ್ಕದ ಗಿಡ ಹರಡಿಕೊಂಡು ಸ್ವಲ್ಪ ಮಟ್ಟಿಗೆ ಜಾಗ ತುಂಬುತ್ತದೆ. ಮೆಕ್ಕೆಜೋಳ ಹಾಗಲ್ಲ. ಅದು ರಾಗಿಯ ಹಾಗೆ ತೆಂಡೆ (ಬುಡದಿಂದ ಏಳುವ ಮರಿ ಕವಲು) ಒಡೆಯುವುದಿಲ್ಲ. ಒಂದು ಬೀಜ ತಪ್ಪಿತೆಂದರೆ ಒಂದು ತೆನೆ ಹೋಯಿತು. ಒಂದೇ ಕಡೆ ಎರಡು ಬಿದ್ದರೆ ಎರಡೂ ಬಡಕಲಾಗಿ ಎರಡರ ತೆನೆಯೂ ಸಣ್ಣದಾಗುತ್ತದೆ. ಸವೆದ ಚೈನು, ಜಾರುವ ಚಕ್ರ, ಅಲ್ಲಾಡುವ ಬ್ರಾಕೆಟ್ ಇವೆಲ್ಲ ಶೇಂಗಾ ಬಿತ್ತುವಾಗಲೂ ಇದ್ದವು, ಆಗ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಮೆಕ್ಕೆಜೋಳ ಹಾಕಿದ ವರ್ಷ ಅವೆಲ್ಲ ಹೊಲದಲ್ಲಿ ಎದ್ದು ಕಾಣುತ್ತವೆ.

ಲೆಕ್ಕ ನೋಡಿ. ಶೇಂಗಾಕ್ಕೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಬೀಜದಿಂದ ಬೀಜಕ್ಕೆ 10 ಸೆಂ.ಮೀ. ಹಿಡಿದರೆ ಎಕರೆಗೆ 1,35,000ದಷ್ಟು ಬೀಜ ಬೀಳಬೇಕು. ಕಾಳಿನ ತೂಕದಲ್ಲಿ ಅದು 50 ಕೆ.ಜಿ. ಆಸುಪಾಸು. ಮೆಕ್ಕೆಜೋಳಕ್ಕೆ 60ಕ್ಕೆ 20 ಸೆಂ.ಮೀ. ಹಿಡಿದರೆ ಎಕರೆಗೆ ಸುಮಾರು 33,700 ಬೀಜ. ಎಂಟು ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ಅಂದರೆ ಕಾಲು ಭಾಗದಷ್ಟು ಬೀಜ, ಅದೂ ವರ್ಷ ವರ್ಷ ದುಡ್ಡು ಕೊಟ್ಟು ತರುವ ಹೈಬ್ರಿಡ್. ಒಂದೊಂದು ಕಾಳಿಗೂ ಬೆಲೆ ಇದೆ.

ನಾನು ಮೊದಲು ಕೈ ಹಾಕುವುದು ತಾಳುಗಳಿಗೆ, ಅಂದರೆ ಮಣ್ಣು ಸೀಳಿ ಬೀಜ ಬೀಳಲು ಸಾಲು ಮಾಡುವ ಕಾಲುಗಳಿಗೆ. ಒಂಬತ್ತು ತಾಳಿನ ಶೇಂಗಾ ಕೂರಿಗೆಯಲ್ಲಿ 30 ಸೆಂ.ಮೀ.ಗೆ ಒಂದರಂತೆ ತಾಳು ಇರುತ್ತವೆ. ಒಂದು ಬಿಟ್ಟು ಒಂದು ತೆಗೆದರೆ 60 ಆಯಿತು, ಸುಲಭ. ಆದರೆ ಯಾವುದನ್ನು ತೆಗೆಯಬೇಕು? 1, 3, 5, 7, 9 ಉಳಿಸಿದರೆ ಐದು ಸಾಲು ಸಿಗುತ್ತವೆ, ಕೆಲಸ ಬೇಗ ಮುಗಿಯುತ್ತದೆ ಎಂದು ಎಲ್ಲರೂ ಅದನ್ನೇ ಕೇಳುತ್ತಾರೆ. ನಾನು ಹೇಳುವುದು 2, 4, 6, 8 ಉಳಿಸಿ ಅಂತ. ಟ್ರ್ಯಾಕ್ಟರ್‌ನ ಹಿಂದಿನ ಟೈರು ಸಾಮಾನ್ಯವಾಗಿ ನಡುವಿನಿಂದ 65-70 ಸೆಂ.ಮೀ. ದೂರದಲ್ಲಿ ಓಡುತ್ತದೆ. ಐದು ಸಾಲು ಇಟ್ಟರೆ ನಡುವಿನಿಂದ 60ರಲ್ಲಿ ಇರುವ ಎರಡು ತಾಳು ನೇರವಾಗಿ ಟೈರ್ ತುಳಿದ ಜಾಗಕ್ಕೇ ಬರುತ್ತವೆ. ಹದವಾದ ಮಣ್ಣು ಟೈರಿನಡಿ ಒತ್ತಿ ಗಟ್ಟಿಯಾಗಿರುತ್ತದೆ. ಅಲ್ಲಿ ತಾಳು ಸರಿಯಾಗಿ ಇಳಿಯಲ್ಲ, ಬೀಜ ಮೇಲೆಯೇ ಉಳಿಯುತ್ತದೆ. ಐದರಲ್ಲಿ ಎರಡು ಸಾಲು ತಡವಾಗಿ ಏಳುತ್ತವೆ. ನಾಲ್ಕು ಸಾಲಾದರೆ ತಾಳುಗಳು 30 ಮತ್ತು 90ರಲ್ಲಿ ನಿಲ್ಲುತ್ತವೆ, ಟೈರು ಎರಡರ ಮಧ್ಯೆ ಹೋಗುತ್ತದೆ. ಸುತ್ತು ಜಾಸ್ತಿ ಆಗುತ್ತದೆ, ಡೀಸೆಲ್ಲೂ ಸ್ವಲ್ಪ ಜಾಸ್ತಿ. ಆದರೂ ನನ್ನ ಮಾತು ನಾಲ್ಕಕ್ಕೇ. ನಿಮ್ಮ ಟ್ರ್ಯಾಕ್ಟರ್ ಟೈರಿನ ಅಗಲ, ಅಂತರ ಟೇಪ್ ಹಿಡಿದು ಅಳೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ತೆಗೆದ ತಾಳಿನ ಗೊಬ್ಬರದ ಬಾಯಿ ಮುಚ್ಚುವುದನ್ನು ಮರೆಯಬಾರದು. ಎಷ್ಟೋ ಜನ ಬೀಜದ ಬಾಕ್ಸ್ ಮಾತ್ರ ಖಾಲಿ ಬಿಡುತ್ತಾರೆ, ಡಿಎಪಿ ಗೊಬ್ಬರ ಸುಮ್ನೆ ಸಾಲಿಲ್ಲದ ಕಡೆ ಸುರಿದುಹೋಗುತ್ತದೆ.

ಇನ್ನು ಬೀಜದ ಅಂತರ. ಕೈಕೂರಿಗೆಯಲ್ಲಿ ಬಟ್ಟಲಿಗೆ ಬೀಜ ಬಿಡುತ್ತಿದ್ದ ಹೆಣ್ಣುಮಕ್ಕಳು ಬೆರಳಿನಲ್ಲೇ ಈ ಅಂತರ ಹಿಡಿಯುತ್ತಿದ್ದರು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಅದನ್ನು ಮೂರು ಸೇರಿ ಮಾಡುತ್ತವೆ: ನೆಲದ ಮೇಲೆ ಉರುಳುವ ಚಕ್ರ, ಚೈನ್ ಹಲ್ಲುಗಳ ಲೆಕ್ಕ, ಪ್ಲೇಟಿನ ತೂತುಗಳು. ಚಕ್ರದ ಅಡ್ಡಳತೆ 50 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ 157 ಸೆಂ.ಮೀ. ಸಾಗುತ್ತದೆ. ಚಕ್ರ ಒಂದು ಸುತ್ತು ಬಂದರೆ ಪ್ಲೇಟೂ ಒಂದು ಸುತ್ತು, ಪ್ಲೇಟಿಗೆ 16 ತೂತು ಎಂದುಕೊಳ್ಳಿ. ಬೀಜಕ್ಕೆ ಬೀಜಕ್ಕೆ ಹತ್ತಿರ ಹತ್ತಿರ 10 ಸೆಂ.ಮೀ. ಬಂತು. ಶೇಂಗಾಕ್ಕೆ ಸರಿ. ಮೆಕ್ಕೆಜೋಳಕ್ಕೆ 20 ಬೇಕು. ದಾರಿ ಎರಡು. ಎಂಟು ತೂತಿನ ಪ್ಲೇಟ್ ಕಡೆಯಬಹುದು. ಇಲ್ಲವೇ 16 ತೂತಿನ ಪ್ಲೇಟನ್ನೇ ಕಡೆದು, ಬೀಜದ ಶಾಫ್ಟಿನ 14 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ತೆಗೆದು 28 ಹಲ್ಲಿನದು ಹಾಕಿ ಪ್ಲೇಟಿನ ವೇಗ ಅರ್ಧಕ್ಕೆ ಇಳಿಸಬಹುದು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ. ಪ್ಲೇಟ್ ನಿಧಾನ ತಿರುಗಿದಷ್ಟೂ ಕಾಳು ತೂತಿನಲ್ಲಿ ಕೂರಲು ಸಮಯ ಸಿಗುತ್ತದೆ, ಖಾಲಿ ತೂತು ಕಡಿಮೆ ಆಗುತ್ತದೆ. ಆದರೆ ಒಂದು ಎಚ್ಚರ. ಕೆಲವು ಕೂರಿಗೆಯಲ್ಲಿ ಗೊಬ್ಬರದ ಶಾಫ್ಟಿಗೂ ಬೀಜದ ಶಾಫ್ಟಿನಿಂದಲೇ ಚೈನ್ ಹೋಗಿರುತ್ತದೆ. ಅಂಥದರಲ್ಲಿ ಬೀಜದ ವೇಗ ಇಳಿಸಿದರೆ ಗೊಬ್ಬರವೂ ಅರ್ಧ ಆಗುತ್ತದೆ. ಮೆಕ್ಕೆಜೋಳ ಗೊಬ್ಬರ ಜಾಸ್ತಿ ಕೇಳುವ ಬೆಳೆ ಅಲ್ವಾ? ಆಗ ಗೊಬ್ಬರಕ್ಕೆ ಚಕ್ರದಿಂದಲೇ ಬೇರೆ ಚೈನ್ ಕೊಡಬೇಕು.

ಈ 157 ಅನ್ನುವ ಲೆಕ್ಕ ಅಂಗಡಿಯ ಕಾಂಕ್ರೀಟ್ ನೆಲದ್ದು. ಉತ್ತ ಕೆಂಪು ಮಣ್ಣಿನಲ್ಲಿ ಚಕ್ರ ಅಷ್ಟಷ್ಟೇ ಜಾರುತ್ತಾ ಹೋಗುತ್ತದೆ. ಅದಕ್ಕೆ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಬೀಜ ಗೊಬ್ಬರ ತುಂಬಿ, ಹೊಲದಲ್ಲೇ ಹತ್ತು ಸುತ್ತು ಎಳೆಸಿ ಟೇಪ್ ಹಿಡಿಯಿರಿ. 15.7 ಮೀಟರ್ ಬರಬೇಕಾದ್ದು 17 ಮೀಟರ್ ಬಂದರೆ ಬೀಜದ ಅಂತರ 21 ಸೆಂ.ಮೀ. ದಾಟಿತು ಎಂದು ಅರ್ಥ. ಚಕ್ರದ ಹಲ್ಲು ಸವೆದಿದ್ದರೆ ಪಟ್ಟಿ ತುಂಡು ವೆಲ್ಡ್ ಮಾಡಬೇಕು. ಚಕ್ರವನ್ನು ನೆಲಕ್ಕೆ ಒತ್ತುವ ಸ್ಪ್ರಿಂಗ್ ಸೋತಿದ್ದರೆ ಬದಲಿಸಬೇಕು. ಅಂತರ ಒಂದೇ ಸಮ ಜಾಸ್ತಿ ಬಂದರೆ ಸರಿಪಡಿಸಬಹುದು. ಒಮ್ಮೆ ಜಾರಿ ಒಮ್ಮೆ ಹಿಡಿಯುವ ಚಕ್ರಕ್ಕೆ ಯಾವ ಪ್ಲೇಟ್ ಹಾಕಿದರೂ ಪ್ರಯೋಜನ ಇಲ್ಲ.

ಪ್ಲೇಟ್ ಕಡೆಯುವಾಗ ನನಗೆ ಬೇಕಾದ್ದು ರೈತ ಬಿತ್ತುವ ಅದೇ ಬೀಜ. ಹೈಬ್ರಿಡ್ ಬೀಜ ಒಂದು ಪಾಕೀಟಿನಲ್ಲಿ ಚಪ್ಪಟೆ, ಇನ್ನೊಂದರಲ್ಲಿ ದುಂಡು. ಒಂದು ಹಿಡಿ ತಗೊಂಡು ಕ್ಯಾಲಿಪರ್‌ನಲ್ಲಿ ಅಳೆಯುತ್ತೇನೆ. ಅತಿ ದೊಡ್ಡ ಕಾಳು ಸಲೀಸಾಗಿ ಕೂರಬೇಕು, ಸಣ್ಣವು ಎರಡು ಒಟ್ಟಿಗೆ ಕೂರಬಾರದು. ತೂತು ಅಷ್ಟೇ ಅಲ್ಲ, ಪ್ಲೇಟಿನ ದಪ್ಪವೂ ಕಾಳಿನ ದಪ್ಪಕ್ಕೆ ಹತ್ತಿರ ಇರಬೇಕು. ದಪ್ಪ ಜಾಸ್ತಿಯಾದರೆ ಒಂದರ ಮೇಲೊಂದು ಕೂತು ಬರುತ್ತವೆ. ತೂತಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಕಾಳು ಒಡೆಯುತ್ತದೆ. ಪ್ಲೇಟ್ ವಾರೆಯಾಗಿ ನಿಂತಿರುವುದಕ್ಕೂ ಕಾರಣ ಇದೆ. ತೂತಿನಲ್ಲಿ ಕೂತ ಕಾಳು ಮೇಲೇರುವಾಗ ಅದರ ಜೊತೆ ಬಂದ ಹೆಚ್ಚುವರಿ ಕಾಳುಗಳು ಕೆಳಗೆ ಜಾರಿಬಿಡಬೇಕು. ಬ್ರಾಕೆಟ್ ಸಡಿಲಾಗಿ ಪ್ಲೇಟ್ ಹಿಂದಕ್ಕೆ ಒರಗಿದರೆ ಅವು ಜಾರಲ್ಲ, ಜೋಡಿ ಬೀಜ ಬೀಳುತ್ತವೆ. ಇದನ್ನು ನೋಡದೆ ಪ್ಲೇಟನ್ನು ಬೈಯುವವರೇ ಜಾಸ್ತಿ.

ಹಳೆಯ ಶೇಂಗಾ ಪ್ಲೇಟಿನ ತೂತಿಗೆ ಅಂಟು ತುಂಬಿ ಸಣ್ಣದು ಮಾಡುವ ಪದ್ಧತಿ ಇದೆ. ದಯವಿಟ್ಟು ಬೇಡ. ಅಂಟು ಬಿತ್ತನೆ ಮಧ್ಯೆ ಕಳಚಿ ಬೀಳುತ್ತದೆ, ಆಮೇಲೆ ಶೇಂಗಾ ಬಿತ್ತಲು ಆ ಪ್ಲೇಟೂ ಉಳಿಯಲ್ಲ. ನಮ್ಮ ಕಡೆ ಜೂನ್‌ನಲ್ಲಿ ಮೆಕ್ಕೆಜೋಳ ಬಿತ್ತಿದವರೇ ಜುಲೈನಲ್ಲಿ ಇನ್ನೊಂದು ಹೊಲಕ್ಕೆ ಶೇಂಗಾ ಹಾಕುತ್ತಾರೆ. ಹಾಗಾಗಿ ನಾನು ಮಾಡಿಕೊಡುವುದೆಲ್ಲ ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನಂತೆ ಮಾಡುವ ಹಾಗೆ ಇರುತ್ತದೆ.

ಬೀಜ ಇಳಿಯುವ ಪೈಪು ಸುಕ್ಕು ಸುಕ್ಕಾದದ್ದು ಇದ್ದರೆ ತೆಗೆದು ಒಳಗೆ ನುಣುಪಾದ, ನೇರವಾದ ಪೈಪು ಹಾಕಿಸಿ. ಪ್ಲೇಟ್ ಒಂದೊಂದೇ ಬಿಟ್ಟರೂ ಸುಕ್ಕಿಗೆ ಬಡಿದು ತಡವಾದ ಕಾಳು ಮುಂದಿನ ಕಾಳಿನ ಜೊತೆ ಬೀಳುತ್ತದೆ. ಗಾಡಿ ಗಂಟೆಗೆ 4 ಕಿ.ಮೀ. ಆಸುಪಾಸು ಓಡಲಿ.

ಕೊನೆಗೆ ಪರೀಕ್ಷೆ. ಕಣದಂಥ ಸಮ ಜಾಗದಲ್ಲಿ ತೆಳ್ಳಗೆ ಒದ್ದೆ ಮರಳು ಹರಡಿ, ತಾಳು ನೆಲಕ್ಕೆ ತಾಗದ ಹಾಗೆ, ಚಕ್ರ ಮಾತ್ರ ಉರುಳುವ ಹಾಗೆ ಇಟ್ಟು ಓಡಿಸಿ. ಮರಳಿನಲ್ಲಿ ಬಿದ್ದ ಕಾಳು ಪುಟಿಯಲ್ಲ. ಐದು ಮೀಟರಿಗೆ 25 ಕಾಳು ಇರಬೇಕು. ಮೊತ್ತ ಸರಿ ಇದೆ ಎಂದು ಬಿಡಬೇಡಿ. ಮೂರು ಕಡೆ ಖಾಲಿ, ಮೂರು ಕಡೆ ಜೋಡಿ ಬಿದ್ದರೂ ಮೊತ್ತ 25 ಬರುತ್ತದೆ. ಪ್ರತಿ ಸಾಲನ್ನೂ ಬೇರೆ ಬೇರೆ ನೋಡಬೇಕು.

ಔಷಧಿ ಹಚ್ಚಿದ ಕೆಂಪು ಬೀಜಕ್ಕೆ ಬರಿಗೈ ಹಾಕಬೇಡಿ, ಗ್ಲೌಸ್ ಹಾಕಿ. ಬಾಕ್ಸಿನಲ್ಲಿ ಉಳಿದದ್ದನ್ನು ಕೋಳಿಗೆ ಚೆಲ್ಲಬೇಡಿ, ಪಾಕೀಟಿಗೆ ತುಂಬಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಕೂರಿಗೆ ತರುವವರು ಜೊತೆಗೆ ಬೀಜದ ಪಾಕೀಟು, ಹಳೆಯ ಪ್ಲೇಟುಗಳು, ಟೈರಿನ ಅಳತೆ ತನ್ನಿ. ರೋಹಿಣಿ ಮಳೆಗೆ ಮೊದಲೇ ಬನ್ನಿ. ಹದ ಬಿದ್ದ ಮೇಲೆ ಎಲ್ಲರಿಗೂ ಅವಸರ, ಹೊಲದಲ್ಲಿ ಎಳೆಸಿ ನೋಡಲು ಆಗ ಯಾರಿಗೂ ಪುರುಸೊತ್ತು ಇರಲ್ಲ.