ಜಿಲ್ಲಾಸ್ಪತ್ರೆಯ ಪುಕ್ಕಟೆ ಮಾತ್ರೆ, ಮೆಡಿಕಲ್ಸ್‌ನ ನೂರು ರೂಪಾಯಿ ಮಾತ್ರೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮೆಡಿಕಲ್ಸ್‌ಗಳಿಗೆ ಬರವಿಲ್ಲ. ಐ-ಪಿಲ್ ಅಥವಾ ಅನ್‌ವಾಂಟೆಡ್-72 ಎಂಬ ತುರ್ತು ಗರ್ಭನಿರೋಧಕ ಮಾತ್ರೆ ಕೇಳಿದರೆ ಡಾಕ್ಟರ್ ಚೀಟಿ ಇಲ್ಲದೆಯೇ ಕೊಡುತ್ತಾರೆ. ಒಂದು ಮಾತ್ರೆಗೆ ನೂರು ರೂಪಾಯಿ ಆಸುಪಾಸು. ಇದನ್ನೇ ಮಾಮೂಲಿ ಗರ್ಭನಿರೋಧಕದ ಹಾಗೆ ಬಳಸುವ ಹಾಸ್ಟೆಲ್ ಹುಡುಗಿಯರಿದ್ದಾರೆ. ದುಡ್ಡೂ ದಂಡ, ರಕ್ಷಣೆಯೂ ಕಡಿಮೆ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದು ಆ ಮಾತ್ರೆಯ ಕೆಲಸ. ಅಂಡ ಆಗಲೇ ಬಿಡುಗಡೆಯಾಗಿದ್ದರೆ ನುಂಗಿ ಪ್ರಯೋಜನವಿಲ್ಲ. ಮರುದಿನ ಮತ್ತೆ ಸೇರಿದರೆ ನಿನ್ನೆಯ ಮಾತ್ರೆ ಕಾಪಾಡುತ್ತದೆಂಬ ಭರವಸೆಯೂ ಇಲ್ಲ.

ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ವಾರದ ಮಾತ್ರೆ ಛಾಯಾ, ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್, ಕಾಪರ್-ಟಿ (ಹಳ್ಳಿ ಕಡೆ ವಂಕಿ ಅಂತಾರಲ್ಲ, ಅದೇ), ನಿರೋಧ್ (ಕಾಂಡೋಮ್) ಕೂಡ ಹಾಗೆಯೇ. ಊರಲ್ಲಿ ಆಶಾ ಕಾರ್ಯಕರ್ತೆಯ ಹತ್ತಿರವೂ ಇವುಗಳಲ್ಲಿ ಕೆಲವು ಸಿಗುತ್ತವೆ, ಆದರೆ ಆಕೆಗೆ ನಿಮ್ಮ ಅಮ್ಮನೂ ಗೊತ್ತು, ಅಜ್ಜಿಯೂ ಗೊತ್ತು. ಗುಬ್ಬಿ, ಕುಣಿಗಲ್, ಪಾವಗಡದಿಂದ ಬಂದು ಓದುವವರಿಗೆ ತುಮಕೂರಿನ ಜಿಲ್ಲಾಸ್ಪತ್ರೆಯೇ ವಾಸಿ. ಬೆಳಿಗ್ಗೆ ಓಪಿಡಿ ಚೀಟಿ ಮಾಡಿಸಿ, ಸ್ತ್ರೀರೋಗ ವಿಭಾಗಕ್ಕೆ ಹೋಗಿ ಕುಟುಂಬ ಯೋಜನೆಯವರು ಎಲ್ಲಿ ಕೂರುತ್ತಾರೆಂದು ಕೇಳಿ. ಚೀಟಿ ಮಾಡಿಸುವಾಗ ಮನೆಯವರ ಮೊಬೈಲ್ ನಂಬರ್ ಬೇಡ, ನಿಮ್ಮದೇ ಕೊಡಿ. ಮೆಸೇಜ್ ಬಂದರೆ ನಿಮ್ಮ ಫೋನಿಗೇ ಬರಲಿ.

"ಮದುವೆ ಆಗಿದೆಯೇನಮ್ಮಾ?" ಎಂಬ ಪ್ರಶ್ನೆ ಬಹುಪಾಲು ಬಂದೇ ಬರುತ್ತದೆ. 18 ತುಂಬಿದವರಿಗೆ ಗರ್ಭನಿರೋಧಕ ಕೊಡಲು ಮದುವೆಯಾಗಿರಬೇಕೆಂಬ ಕಾನೂನಿಲ್ಲ. "ಇಲ್ಲ ಮೇಡಂ, ಮಾಲಾ-ಎನ್ ಬೇಕಿತ್ತು, ಬಿಪಿ ನೋಡಿ ಕೊಡಿ" ಅಂದರೆ ಸಾಕು, ಕಥೆ ಹೇಳಬೇಕಿಲ್ಲ. 18 ತುಂಬದ ಪಿಯು ಹುಡುಗಿಯರ ವಿಷಯ ಬೇರೆ. ಲೈಂಗಿಕ ಸಂಪರ್ಕ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು; ಒಪ್ಪಿಗೆ ಇತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬಿಪಿ ನೋಡಿಸುವುದು ನೆಪಕ್ಕಲ್ಲ. ಮಾಲಾ-ಎನ್‌ನಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಇದೆ. ಬಿಪಿ ಹೆಚ್ಚಿರುವವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆಯವರು, ತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಕಾಣುವ ಮೈಗ್ರೇನ್ ಇರುವವರು ಇದನ್ನು ತೆಗೆದುಕೊಳ್ಳಬಾರದು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಮಾತ್ರೆಯ ಬಲ ಕುಗ್ಗಿಸುತ್ತವೆ. ಇವನ್ನು ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

ಒಂದು ಸ್ಟ್ರಿಪ್‌ನಲ್ಲಿ 28 ಮಾತ್ರೆ: 21 ಬಿಳಿ, 7 ಕಂದು. ಬಿಳಿಯವು ಹಾರ್ಮೋನು, ಕಂದಿನವು ಕಬ್ಬಿಣ. ಮುಟ್ಟಾದ ಮೊದಲ ಐದು ದಿನದೊಳಗೆ ಬಿಳಿ ಮಾತ್ರೆ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನ ಶುರುಮಾಡುವುದಾದರೆ ಬಸಿರಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲ ಏಳು ದಿನ ನಿರೋಧ್ ಕೂಡ ಬಳಸಬೇಕು. ಕಂದು ಮಾತ್ರೆಯ ವಾರದಲ್ಲಿ ಮುಟ್ಟು ಬರುತ್ತದೆ. ಸ್ಟ್ರಿಪ್ ಮುಗಿದ ಮರುದಿನವೇ, ರಕ್ತ ಹೋಗುತ್ತಿದ್ದರೂ, ಹೊಸ ಸ್ಟ್ರಿಪ್. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ರಜೆಗೆ ಊರಿಗೆ ಹೋದಾಗ ಹೊಸ ಸ್ಟ್ರಿಪ್ ರೂಮಿನಲ್ಲೇ ಉಳಿದಿರುತ್ತದೆ, ನಾಲ್ಕು ದಿನ ತಡವಾಗುತ್ತದೆ, ಅಷ್ಟರಲ್ಲಿ ಅಂಡಾಶಯ ಎಚ್ಚೆತ್ತಿರುತ್ತದೆ. ಒಂದೇ ಸಲ ಎರಡು ಮೂರು ಸ್ಟ್ರಿಪ್ ಕೇಳಿ ಇಸಿದುಕೊಳ್ಳಿ.

ಒಂದು ಬಿಳಿ ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ. ಒಂದೇ ದಿನ ಎರಡಾದರೂ ಭಯವಿಲ್ಲ. ಎರಡೋ ಹೆಚ್ಚೋ ತಪ್ಪಿದರೆ ಬಿಟ್ಟವುಗಳಲ್ಲಿ ಕೊನೆಯದನ್ನು ಮಾತ್ರ ನುಂಗಿ, ಮುಂದಿನವನ್ನು ಎಂದಿನಂತೆ ಮುಂದುವರಿಸಿ, ಏಳು ದಿನ ನಿರೋಧ್ ಬಳಸಿ. ತಪ್ಪಿದ್ದು ಮೂರನೇ ವಾರದಲ್ಲಾದರೆ ಉಳಿದ ಬಿಳಿ ಮಾತ್ರೆ ಮುಗಿಸಿ, ಕಂದಿನದನ್ನು ಬಿಟ್ಟು ನೇರ ಹೊಸ ಸ್ಟ್ರಿಪ್‌ಗೆ ಹೋಗಿ. ಮೊದಲ ತಿಂಗಳುಗಳಲ್ಲಿ ವಾಕರಿಕೆ, ನಡುನಡುವೆ ಚೂರು ರಕ್ತದ ಕಲೆ ಸಾಮಾನ್ಯ. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ತಗ್ಗುತ್ತದೆ.

ದಿನದ ನೆನಪು ಆಗದವರಿಗೆ ಛಾಯಾ. ಇದರಲ್ಲಿ ಹಾರ್ಮೋನಿಲ್ಲ. ಮುಟ್ಟಾದ ಮೊದಲ ದಿನ ಒಂದು, ಆಮೇಲೆ ಮೂರು ತಿಂಗಳು ವಾರಕ್ಕೆರಡು, ನಾಲ್ಕನೇ ತಿಂಗಳಿಂದ ವಾರಕ್ಕೊಂದು. ಮೊದಲನೆಯದನ್ನು ಭಾನುವಾರ ನುಂಗಿದ್ದರೆ ಭಾನುವಾರ-ಬುಧವಾರ, ಮುಂದೆ ಬರೀ ಭಾನುವಾರ. ಮುಟ್ಟು ತಡವಾಗುವುದು ಇದರ ಗುಣ, ಅದಕ್ಕೇ ಹೆದರಿ ನಿಲ್ಲಿಸುವವರು ಬಹಳ. ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ) ಇದ್ದರೆ, ಇತ್ತೀಚೆಗೆ ಕಾಮಾಲೆ ಆಗಿದ್ದರೆ ಛಾಯಾ ಬೇಡ.

ಅಂತರಾ ತೆಗೆದುಕೊಂಡವರು ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಹಾಗೆ ಮಾಡಿದರೆ ಔಷಧಿ ಬೇಗ ಹರಡಿ ಬೇಗ ಮುಗಿಯುತ್ತದೆ. ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ.

ಇವ್ಯಾವುವೂ ಲೈಂಗಿಕ ಸಂಪರ್ಕದಿಂದ ಹರಡುವ ರೋಗ ತಡೆಯುವುದಿಲ್ಲ. ಅದಕ್ಕೆ ನಿರೋಧ್ ಒಂದೇ. ಅದು ಒಡೆಯುವುದಕ್ಕೆ ಒಂದು ಕಾರಣ ಕೊಬ್ಬರಿ ಎಣ್ಣೆ. ಲೇಟೆಕ್ಸ್‌ಗೆ ಎಣ್ಣೆ ತಾಗಿದರೆ ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ. ಬೈಕಿನ ಡಿಕ್ಕಿ, ಪ್ಯಾಂಟಿನ ಪರ್ಸು ಎರಡೂ ಇಡುವ ಜಾಗವಲ್ಲ.

ನಿರೋಧ್ ಒಡೆದರೆ, ಎರಡೋ ಹೆಚ್ಚೋ ಮಾತ್ರೆ ತಪ್ಪಿ ನಿರೋಧ್ ಇಲ್ಲದೆ ಸೇರಿದರೆ ಆಗ ತುರ್ತು ಮಾತ್ರೆ: ಸೇರಿದ 72 ಗಂಟೆಯೊಳಗೆ, ಆದಷ್ಟು ಬೇಗ. ಸರ್ಕಾರಿ ಪೂರೈಕೆಯಲ್ಲಿ ಇದರ ಹೆಸರು ಈಜಿ ಪಿಲ್, ಪುಕ್ಕಟೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿದರೆ ಮಾತ್ರೆಗಿಂತ ಗಟ್ಟಿ ರಕ್ಷಣೆ. ಅಂಗಡಿಯಲ್ಲಿ ಹೆಸರನ್ನು ಸರಿಯಾಗಿ ಹೇಳಿ: ಅನ್‌ವಾಂಟೆಡ್-72 ಬೇರೆ, ಅನ್‌ವಾಂಟೆಡ್ ಕಿಟ್ ಬೇರೆ. ಎರಡನೆಯದು ಗರ್ಭಪಾತದ ಮಾತ್ರೆ, ಡಾಕ್ಟರ್ ಇಲ್ಲದೆ ಮುಟ್ಟಬಾರದು.

ಮುಟ್ಟು ಒಂದು ವಾರ ತಡವಾದರೆ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ; ನಿಶ್ಚಯ್ ಕಿಟ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಎರಡು ಗೆರೆ ಬಂದರೆ ಮತ್ತೆ ಅದೇ ಸ್ತ್ರೀರೋಗ ಓಪಿಡಿಗೆ ಹೋಗಿ. ಗರ್ಭನಿರೋಧಕ ಕೈಕೊಟ್ಟಿದ್ದಕ್ಕೆ 20 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆಯಿದೆ, 2021ರ ತಿದ್ದುಪಡಿಯ ಮೇಲೆ ಅವಿವಾಹಿತೆಯರಿಗೂ. 18 ತುಂಬಿದ್ದರೆ ನಿಮ್ಮ ಸಹಿಯೊಂದೇ ಸಾಕು, ಅಪ್ಪ-ಅಮ್ಮನದು ಬೇಕಿಲ್ಲ.